ಮಂಗಳನ ಮೇಲೆ ಊರು ಕಟ್ಟುವವರು ಎಡವುವ ಜಾಗಗಳು

ಕೇಳುಗರಿಗೆ ನಮಸ್ಕಾರ.

ರಜೆ ಬಂತೆಂದರೆ ಮೈಸೂರು, ಮಂಡ್ಯದ ಮನೆಗಳಲ್ಲೂ ಹುಡುಗರು ಕಂಪ್ಯೂಟರ್ ಬಿಟ್ಟು ಏಳುವುದಿಲ್ಲ ಅನ್ನುವ ದೂರು ಶುರುವಾಗುತ್ತದೆ. ಅವರು ಆಡುವುದೆಲ್ಲ ಗುಂಡು ಹಾರಿಸುವ ಆಟವೇ ಅಲ್ಲ. ಬರಡು ನೆಲದಲ್ಲಿ ನೀರು, ಗಾಳಿ, ವಿದ್ಯುತ್ತು ಹೊಂದಿಸಿ ಊರು ಕಟ್ಟಿ, ಜನರನ್ನು ಬದುಕಿಸಿಕೊಳ್ಳುವ ಆಟಗಳೂ ಇವೆ. ಅಂಥದ್ದೊಂದು 'ಸರ್ವೈವಿಂಗ್ ಮಾರ್ಸ್'. ಬಲ್ಗೇರಿಯಾದ ಹೇಮಿಮಾಂಟ್ ಗೇಮ್ಸ್ ಕಂಪನಿ ತಯಾರಿಸಿದ್ದು. 2018ರ ಮಾರ್ಚ್‌ನಲ್ಲಿ ಬಂತು. ಹೊಸಬರು ಇದರಲ್ಲಿ ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಅನ್ನುವುದು ಇವತ್ತಿನ ಮಾತು. ನಾನು ಹೇಳುವ ಅಂಕಿಗಳೆಲ್ಲ ಮೊದಲ ಆವೃತ್ತಿಯವು.

ಆಟ ಶುರುವಾಗುವಾಗ ಯಾವ ದೇಶದ, ಯಾವ ಸಂಸ್ಥೆಯ ಪರವಾಗಿ ಹೋಗುತ್ತೀರಿ ಎಂದು ಕೇಳುತ್ತದೆ. ಪಟ್ಟಿಯಲ್ಲಿ ಭಾರತವೂ ಇದೆ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಮಂಗಳನ ಕಕ್ಷೆ ಸೇರಿದ್ದನ್ನು ನೆನೆದು ಕೈ ಅತ್ತ ಹೋಗುವುದು ಸಹಜ. ಆದರೂ ಮೊದಲ ಸಲಕ್ಕೆ 'ಇಂಟರ್‌ನ್ಯಾಷನಲ್ ಮಾರ್ಸ್ ಮಿಷನ್' ಆರಿಸಿಕೊಳ್ಳಿ. ಅದರಲ್ಲಿ ಹಣ ಧಾರಾಳ, ತಪ್ಪು ಮಾಡಲು ಜಾಗವೂ ಧಾರಾಳ. ಅಭಿಮಾನ ಎರಡನೇ ಆಟಕ್ಕಿರಲಿ.

ಮೊದಲ ತಪ್ಪು, ಎಲ್ಲಕ್ಕಿಂತ ದೊಡ್ಡದು, ಜನರನ್ನು ಬೇಗ ಕರೆಸುವುದು. ಮೊದಲ ರಾಕೆಟ್‌ನಲ್ಲಿ ಮನುಷ್ಯರು ಇರುವುದಿಲ್ಲ. ಡ್ರೋನ್‌ಗಳು, ರೋವರ್‌ಗಳು, ಸಾಮಾನು ಮಾತ್ರ. ಡ್ರೋನ್ ಅಂದರೆ ಇಲ್ಲಿ ಕೆಲಸ ಮಾಡುವ ಪುಟ್ಟ ರೋಬಾಟ್, ರೋವರ್ ಅಂದರೆ ಚಕ್ರದ ವಾಹನ. ಬಹಳ ಮಂದಿ ಗಡಿಬಿಡಿಯಲ್ಲಿ ಜನ ವಾಸಿಸುವ ಗಾಜಿನ ಗುಮ್ಮಟ, ಅಂದರೆ ಡೋಮ್, ಎಬ್ಬಿಸಿ, ಮರುಕ್ಷಣವೇ ಹನ್ನೆರಡು ಜನರನ್ನು ಇಳಿಸಿಬಿಡುತ್ತಾರೆ. ಆಮೇಲೆ 10 ಸೋಲ್, ಅಂದರೆ ಮಂಗಳನ ಹತ್ತು ದಿನ, ಪರೀಕ್ಷೆಯ ಕಾಲ. ಅದು ಮುಗಿಯುವವರೆಗೆ, ಇಲ್ಲವೇ ಅಲ್ಲೇ ಒಂದು ಮಗು ಹುಟ್ಟುವವರೆಗೆ, ಹೊಸ ಜನ ಬರುವಂತಿಲ್ಲ. ಆಟದ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 0.2 ಯೂನಿಟ್ ಆಹಾರ ಬೇಕು. ಹನ್ನೆರಡು ಜನರಿಗೆ ದಿನಕ್ಕೆ 2.4, ಹತ್ತು ದಿನಕ್ಕೆ 24. ಬೆಳೆ ಕೈಗೆ ಬರುವುದು ತಡವಾದರೆ ಎಂದು 40 ಇಟ್ಟುಕೊಂಡೇ ಕರೆಸಿ. ಮಗು ಹುಟ್ಟಬೇಕಾದರೆ ಜನರ ನೆಮ್ಮದಿಯ ಅಂಕ 70 ಮುಟ್ಟಬೇಕು. ಅದಕ್ಕೆ ಮನೆಯೊಂದಿದ್ದರೆ ಸಾಲದು. ದಿನಸಿ ಅಂಗಡಿ, ಕೂತು ಹರಟಲು ಒಂದು ತಾಣ, ಇವೂ ಅದೇ ಡೋಮ್‌ನೊಳಗೆ ಬೇಕು.

ಯಾರನ್ನು ಕರೆಸಬೇಕು ಅನ್ನುವುದಕ್ಕೆ ಆಟದಲ್ಲೇ ಜರಡಿ ಇದೆ. ಹೊಸಬರು ಅದನ್ನು ಮುಟ್ಟುವುದೇ ಇಲ್ಲ. ಮೊದಲ ತಂಡದಲ್ಲಿ ವಯಸ್ಸಾದವರು ಬೇಡ, ಅವರು ದುಡಿಯುವುದಿಲ್ಲ. ಸೋಮಾರಿ, ಕುಡುಕ, ಹೊಟ್ಟೆಬಾಕ ಎಂದು ಗುರುತು ಬಿದ್ದವರನ್ನೂ ಆಚೆ ಇಡಿ. ಒಂದಿಬ್ಬರು ಸಸ್ಯತಜ್ಞರು, ಒಂದಿಬ್ಬರು ಭೂವಿಜ್ಞಾನಿಗಳು ಇರಲೇಬೇಕು. ಒಬ್ಬರ ಕಸುಬಿನಲ್ಲಿ ಇನ್ನೊಬ್ಬರನ್ನು ನಿಲ್ಲಿಸಿದರೆ ಕೆಲಸ ನಡೆಯುತ್ತದೆ, ಆದರೆ ಕುಂಟುತ್ತದೆ.

ಈಗ ಈ ಆಟದ ಅಸಲು ಗುಟ್ಟಿಗೆ ಬರೋಣ: ದುರಸ್ತಿ.

ಮಂಡ್ಯದ ಆಲೆಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಳದ ತುಂಬ ಕಬ್ಬು ಬಿದ್ದಿರಲಿ, ಗಾಣದ ಒಂದು ಬೇರಿಂಗ್ ಹೋದರೆ ಅವತ್ತು ಬೆಲ್ಲವಿಲ್ಲ. ಮಂಗಳನ ಊರಿನಲ್ಲೂ ಹಾಗೇ. ಡೋಮ್‌ನ ಹೊರಗಿರುವ ಯಂತ್ರಗಳ ಮೇಲೆ ದಿನದಿನವೂ ಧೂಳು ಕೂರುತ್ತದೆ. ಒಂದು ಮಟ್ಟ ಮುಟ್ಟಿದಾಗ ಡ್ರೋನ್ ಬಂದು, ಬೇಕಾದ ಸಾಮಾನು ಹಾಕಿ ರಿಪೇರಿ ಮಾಡಬೇಕು. ಗಾಳಿಯಿಂದ ವಿದ್ಯುತ್ತು ತೆಗೆಯುವ ಯಂತ್ರಕ್ಕೆ ಮಷಿನ್ ಪಾರ್ಟ್ಸ್, ಡ್ರೋನ್‌ಗಳನ್ನು ನಡೆಸುವ ಕೇಂದ್ರವಾದ ಡ್ರೋನ್ ಹಬ್‌ಗೆ ಎಲೆಕ್ಟ್ರಾನಿಕ್ಸ್, ಹೀಗೆ ಒಂದೊಂದಕ್ಕೆ ಒಂದೊಂದು. ಹೊಸಬರು ಮಾಡುವುದೇನು? ಭೂಮಿಯಿಂದ ತಂದ ಎಲೆಕ್ಟ್ರಾನಿಕ್ಸನ್ನೆಲ್ಲ ಹೊಸ ಕಟ್ಟಡಕ್ಕೆ ಸುರಿದುಬಿಡುತ್ತಾರೆ. ಕೆಲವು ದಿನ ಊರು ಥಳಥಳ. ಆಮೇಲೆ ಡ್ರೋನ್ ಹಬ್ಬೇ ಕೆಟ್ಟು ನಿಲ್ಲುತ್ತದೆ. ಹಬ್ ನಿಂತರೆ ಅದರ ಡ್ರೋನ್‌ಗಳು ಆಜ್ಞೆ ಪಡೆಯುವುದಿಲ್ಲ. ಡ್ರೋನ್ ಇಲ್ಲದೆ ಹಬ್ಬಿಗೆ ರಿಪೇರಿ ಇಲ್ಲ. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗೆ. ಇದಕ್ಕೆ ಮದ್ದು, ಡ್ರೋನ್ ನಡೆಸುವ ರೋವರನ್ನು ಪಕ್ಕಕ್ಕೆ ತಂದು ನಿಲ್ಲಿಸುವುದು. ಅದರ ಡ್ರೋನ್‌ಗಳು ಹಬ್ಬನ್ನು ಎಬ್ಬಿಸುತ್ತವೆ. ಆದರೆ ಉಗ್ರಾಣದಲ್ಲಿ ಒಂದಾದರೂ ಎಲೆಕ್ಟ್ರಾನಿಕ್ಸ್ ಉಳಿದಿರಬೇಕಲ್ಲ! ಆದ್ದರಿಂದ ಪಾಲಿಮರ್, ಮಷಿನ್ ಪಾರ್ಟ್ಸ್, ಎಲೆಕ್ಟ್ರಾನಿಕ್ಸ್, ಈ ಮೂರನ್ನೂ ಹತ್ತತ್ತರ ಕೆಳಗೆ ಇಳಿಯಲು ಬಿಡಬೇಡಿ. ಇವುಗಳ ಕಾರ್ಖಾನೆ ನಡೆಯಲು ಜನ ಬೇಕು. ಅಲ್ಲಿಯವರೆಗೆ ಎಲ್ಲವೂ ಭೂಮಿಯಿಂದಲೇ ಬರಬೇಕು.

ಧೂಳನ್ನು ನಾವೇ ಎಬ್ಬಿಸುವುದೂ ಉಂಟು. ರಾಕೆಟ್ ಇಳಿದಾಗ, ಏರಿದಾಗ ಸುತ್ತಲಿನ ಕಟ್ಟಡಗಳೆಲ್ಲ ಮಸುಕಾಗುತ್ತವೆ. ಕಾಂಕ್ರೀಟ್ ತೆಗೆಯುವ ಯಂತ್ರವೂ ಧೂಳೆಬ್ಬಿಸುತ್ತದೆ. ಇವೆರಡರ ಪಕ್ಕ ಸೋಲಾರ್ ಫಲಕ ಹಾಕಬೇಡಿ. ಧೂಳಿನ ಕಾಟ ಆಟದವರ ಕಲ್ಪನೆಯಲ್ಲ. ನಾಸಾದ ಇನ್‌ಸೈಟ್ ನೌಕೆ ಫಲಕಗಳ ಮೇಲೆ ಧೂಳು ಕೂತು, ವಿದ್ಯುತ್ತಿಲ್ಲದೆ 2022ರ ಡಿಸೆಂಬರ್‌ನಲ್ಲಿ ಕೊನೆಯಾಯಿತು. ಹಾಗೇ ಕಾಂಕ್ರೀಟ್ ಯಂತ್ರದ ಹತ್ತಿರ ಕಲ್ಲುಕಸ ಸುರಿಯುವ ಜಾಗ ಗುರುತಿಸಿಡಿ. ಅದಿಲ್ಲದಿದ್ದರೆ ಕಸ ತುಂಬಿ ಯಂತ್ರ ನಿಲ್ಲುತ್ತದೆ, ಕಾರಣ ಹುಡುಕುತ್ತಾ ನೀವು ಕೂರುತ್ತೀರಿ.

ವಿದ್ಯುತ್ತಿನ ಲೆಕ್ಕದಲ್ಲಿ ಹಗಲಿನ ಅಂಕಿ ನೋಡಿ ಮೋಸಹೋಗುವವರೇ ಹೆಚ್ಚು. ಊರಿಗೆ 30 ಯೂನಿಟ್ ಬೇಕೆನ್ನಿ. ದೊಡ್ಡ ಸೋಲಾರ್ ಫಲಕ ಒಂದಕ್ಕೆ 5. ಆರು ಫಲಕ ಸಾಕಲ್ಲ ಅನ್ನಿಸುತ್ತದೆ. ರಾತ್ರಿಗೆ? ಕತ್ತಲು ಹನ್ನೆರಡು ಗಂಟೆ ಎಂದಿಟ್ಟುಕೊಂಡರೆ ಗಂಟೆಗೆ 30ರಂತೆ 360 ಯೂನಿಟ್ ಬ್ಯಾಟರಿಯಲ್ಲಿರಬೇಕು, ಅದನ್ನು ತುಂಬಿಸಲು ಹಗಲಲ್ಲಿ ಇನ್ನೂ ಆರು ಫಲಕ ಬೇಕು. ಬ್ಯಾಟರಿಗೆ ಎರಡು ಅಂಕಿಗಳಿವೆ ಅನ್ನುವುದೂ ತಿಳಿದಿರಲಿ: ಎಷ್ಟು ಹಿಡಿಯುತ್ತದೆ ಎಂಬುದೊಂದು, ಒಮ್ಮೆಗೆ ಎಷ್ಟು ಕೊಡುತ್ತದೆ ಎಂಬುದೊಂದು. ಕನ್ನಂಬಾಡಿಯಲ್ಲಿ ನೀರು ತುಂಬಿದ್ದರೇನು, ತೂಬು ಸಣ್ಣದಾದರೆ ನಾಲೆಯ ಕೊನೆಯ ಗದ್ದೆಗೆ ನೀರು ತಲುಪುವುದಿಲ್ಲ. ಶುರುವಿಗೆ ನನ್ನ ಮತ ಸ್ಟರ್ಲಿಂಗ್ ಜನರೇಟರಿಗೆ. ಮುಚ್ಚಿಟ್ಟರೆ ಹಗಲೂ ರಾತ್ರಿ 10 ಕೊಡುತ್ತದೆ, ದುರಸ್ತಿ ಕೇಳುವುದಿಲ್ಲ. ತೆರೆದರೆ 20, ಆದರೆ ಪಾಲಿಮರ್ ತಿನ್ನುತ್ತದೆ. ತುರ್ತಿಗೆ ಮಾತ್ರ ತೆರೆಯಿರಿ.

ಇನ್ನು ಧೂಳಿನ ಬಿರುಗಾಳಿ. ಗಾಳಿಯಿಂದ ಆಮ್ಲಜನಕ ತೆಗೆಯುವ 'ಮಾಕ್ಸಿ' ಯಂತ್ರ, ತೇವ ಹಿಂಡಿ ನೀರು ಕೊಡುವ ವೇಪರೇಟರ್, ಎರಡೂ ಬಿರುಗಾಳಿಯಲ್ಲಿ ಸ್ತಬ್ಧ. ಇದೇ ಹೆಸರಿನ ನಿಜವಾದ ಯಂತ್ರ 2021ರಿಂದ 2023ರವರೆಗೆ ಮಂಗಳನ ಮೇಲಿರುವ ನಾಸಾದ ಪರ್ಸಿವಿಯರೆನ್ಸ್ ರೋವರಿನಲ್ಲಿ 16 ಸಲ ಓಡಿ, ಒಟ್ಟು 122 ಗ್ರಾಂ ಆಮ್ಲಜನಕ ತಯಾರಿಸಿತು. ಆಟದಲ್ಲಿ ಅಷ್ಟು ಬಡತನವಿಲ್ಲ, ಆದರೂ ಬಿರುಗಾಳಿಯ ಹೊತ್ತಿಗೆ ಟ್ಯಾಂಕಿನಲ್ಲಿರುವುದೇ ಗತಿ. ಪೈಪ್ ಜಾಲದ ಮೇಲೆ ಒತ್ತಿದರೆ ಗಂಟೆಗೆ ಎಷ್ಟು ಖರ್ಚು ಎಂದು ಕಾಣುತ್ತದೆ. ಒಂದು ಸೋಲ್‌ಗೆ 25 ಗಂಟೆ ಹಿಡಿಯಿರಿ. ಗಂಟೆಗೆ 3 ಖರ್ಚಾದರೆ ಮೂರು ಸೋಲ್‌ಗೆ 225. ಅಷ್ಟು ಟ್ಯಾಂಕಿನಲ್ಲಿ ನಿಂತ ಮೇಲೆ ಎರಡನೇ ಡೋಮ್ ಯೋಚನೆ. ವೇಪರೇಟರ್‌ಗಳನ್ನು ಒತ್ತೊತ್ತಾಗಿ ಇಟ್ಟರೆ ಒಂದರ ನೀರನ್ನು ಇನ್ನೊಂದು ಕಸಿಯುತ್ತದೆ. ದೂರ ದೂರ ಇಡಿ.

ಡ್ರೋನ್‌ಗಳಿಗೆ ಕೆಲಸದ ಆದ್ಯತೆ ಮೂರು ಹಂತದಲ್ಲಿ ಕೊಡಬಹುದು. ಎಲ್ಲಕ್ಕೂ ಮೇಲಿನ ಹಂತ ಒತ್ತುವುದು, ಕಚೇರಿಯ ಎಲ್ಲ ಅರ್ಜಿಗೂ 'ತುರ್ತು' ಸೀಲು ಹೊಡೆದಂತೆ. ದುರಸ್ತಿಗೆ ಕಾದಿರುವ ಒಂದೆರಡಕ್ಕೆ ಮಾತ್ರ ಒತ್ತಿ. ಪಾಳಿಗಳಲ್ಲೂ ಅಷ್ಟೇ: ರಾತ್ರಿ ಪಾಳಿ ಮಾಡಿದವರ ಮನಸ್ಸಿನ ಸ್ಥಿಮಿತ 10 ಅಂಕ ಕುಸಿಯುತ್ತದೆ. ಹನ್ನೆರಡೇ ಜನರಿರುವ ಊರಿಗೆ ನಡುರಾತ್ರಿ ದಿನಸಿ ಅಂಗಡಿ ಯಾಕೆ? ಮುಚ್ಚಿ.

ಕೊನೆಗೆ, ಆಮ್ಲಜನಕ ಕಡಿಮೆ ಎಂಬ ಕೆಂಪು ಗುರುತು ಬಂದಾಗ ಮಾಡಬೇಕಾದದ್ದು. ಮೊದಲು ಆಟವನ್ನು ನಿಲ್ಲಿಸಿ. ನಿಲ್ಲಿಸಿದಾಗಲೂ ಆಜ್ಞೆ ಕೊಡಬಹುದು. ಪೈಪ್ ಸೋರುತ್ತಿದೆಯೇ ನೋಡಿ. ಜಾಲ ಉದ್ದವಾದಷ್ಟೂ ಸೋರಿಕೆ ಜಾಸ್ತಿ. ಸೋರುವ ಕವಲಿನಲ್ಲಿ ವಾಲ್ವ್ ಇದ್ದರೆ ಮುಚ್ಚಿಬಿಡಿ. ಸೋರಿಕೆ ಇಲ್ಲವೆಂದರೆ ಮಾಕ್ಸಿಗೆ ವಿದ್ಯುತ್ತು ಬರುತ್ತಿದೆಯೇ ನೋಡಿ. ಬರದಿದ್ದರೆ ಕಾಂಕ್ರೀಟ್ ಯಂತ್ರ, ಇಂಧನ ಘಟಕ ಎರಡನ್ನೂ ನಿಲ್ಲಿಸಿ, ಸ್ಟರ್ಲಿಂಗ್ ತೆರೆಯಿರಿ. ವಿದ್ಯುತ್ತೂ ಸರಿಯಿದ್ದು, ಬಿರುಗಾಳಿಯೂ ಇಲ್ಲದಿದ್ದರೆ ಮಾಕ್ಸಿ ಧೂಳು ಕೂತು ನಿಂತಿರಬಹುದು. ದುರಸ್ತಿಗೆ ಮೇಲಿನ ಆದ್ಯತೆ ಒತ್ತಿ, ರೋವರನ್ನು ಪಕ್ಕಕ್ಕೆ ತಂದು, ಆಟ ಮುಂದುವರಿಸಿ.

ನಮಸ್ಕಾರ.