ಮುದ್ದೆಯಷ್ಟು ಸೂರ್ಯ, ಗೋಲಿಯಷ್ಟು ನೆರೆಮನೆ

ನಮಸ್ಕಾರ. ಕಳೆದ ಸಂಚಿಕೆಗೆ ವೀಕ್ಷಕರೊಬ್ಬರು ಬರೆದಿದ್ದಾರೆ: "ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಕೇವಲ ನಾಲ್ಕೂಕಾಲು ಜ್ಯೋತಿರ್ವರ್ಷ ದೂರದಲ್ಲಿದೆ ಎಂದ ಮೇಲೆ ಅಲ್ಲಿಗೆ ಹೋಗಲು ಇಷ್ಟೇಕೆ ರಗಳೆ?" ಆ 'ಕೇವಲ' ಎಂಬ ಪದ ನನ್ನ ಎರಡು ರಾತ್ರಿಯ ನಿದ್ದೆ ಕೆಡಿಸಿತು. ತಪ್ಪು ಅವರದ್ದಲ್ಲ, ಜ್ಯೋತಿರ್ವರ್ಷ ಎಂಬ ಪದದ್ದು. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ 9.46 ಲಕ್ಷ ಕೋಟಿ ಕಿಲೋಮೀಟರುಗಳನ್ನು ಅದು ನಾಲ್ಕಕ್ಷರದ ಪೊಟ್ಟಣವಾಗಿ ಕಟ್ಟಿಕೊಡುತ್ತದೆ. ನಾವು ಬಿಚ್ಚಿ ನೋಡದೆ ಜೇಬಿಗಿಳಿಸುತ್ತೇವೆ. ನನ್ನ ವಾದ ಇಷ್ಟೇ: ನಕ್ಷತ್ರದ ದೂರವನ್ನು ಬಾಯಲ್ಲಿ ಹೇಳಬಾರದು, ನೆಲದ ಮೇಲೆ ಅಳೆದು ತೋರಿಸಬೇಕು.

ಕಿಲೋಮೀಟರಿನಲ್ಲೇ ಹೇಳಿ ಎನ್ನುವಿರಾ? ಪ್ರಾಕ್ಸಿಮಾ ಸುಮಾರು 40 ಲಕ್ಷ ಕೋಟಿ ಕಿಲೋಮೀಟರ್ ದೂರದಲ್ಲಿದೆ. ಏನಾದರೂ ಅನ್ನಿಸಿತೇ? ಇಲ್ಲ. 2025-26ರ ರಾಜ್ಯ ಬಜೆಟ್ 4 ಲಕ್ಷ ಕೋಟಿ ರೂಪಾಯಿ ದಾಟಿತೆಂದು ಕೇಳಿಯೂ ಕಾಫಿ ಹೀರುತ್ತಿದ್ದವರು ನಾವು.

ಆದ್ದರಿಂದ ಭಾನುವಾರ ಮಂಡ್ಯದ ನಮ್ಮ ಮನೆಯ ಜಗುಲಿಯ ಮೇಲೆ ಹತ್ತು ಸೆಂಟಿಮೀಟರ್ ಅಡ್ಡಳತೆಯ ಒಂದು ರಾಗಿ ಮುದ್ದೆಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಅದನ್ನೇ ಸೂರ್ಯನೆಂದು ಘೋಷಿಸಿದೆ. ಟೇಪು ಹಿಡಿದು ಹನ್ನೊಂದು ಮೀಟರ್ ನಡೆದರೆ ಗೇಟು ಬಂತು. ಅಲ್ಲಿ ಬೆರಳ ತುದಿಗೆ ಅಂಟಿಸಿಕೊಂಡ ಒಂದು ರಾಗಿ ಕಾಳು, ಅದೂ ಜೊಳ್ಳಲ್ಲದ ಆದರೆ ಸಣ್ಣ ಕಾಳು, ನಮ್ಮ ಭೂಮಿ. ನೆಪ್ಚೂನ್ ಎಂಬ ಹೆಸರುಕಾಳನ್ನು ಇಡಲು ಮುನ್ನೂರಿಪ್ಪತ್ತು ಮೀಟರ್ ನಡೆದು ಬೀದಿಯ ತುದಿಯ ಅಕ್ಕಿ ಗಿರಣಿಯವರೆಗೆ ಹೋಗಬೇಕಾಯಿತು. ಹಿಂದಿರುಗುವಷ್ಟರಲ್ಲಿ ಕಾಗೆಯೊಂದು ಸೂರ್ಯನ ಒಂದು ಬದಿಯನ್ನು ಕುಕ್ಕಿತ್ತು, ಅದಿರಲಿ.

ಈಗ ಪ್ರಾಕ್ಸಿಮಾ. ಅದು ಸಣ್ಣ ಕೆಂಪು ನಕ್ಷತ್ರವಾದ್ದರಿಂದ ಇದೇ ಅಳತೆಯಲ್ಲಿ ಒಂದು ಗೋಲಿಯಷ್ಟು. ಅದನ್ನು ಎಲ್ಲಿಡಬೇಕು? ಮದ್ದೂರಿನಲ್ಲೇ? ಬೆಂಗಳೂರಿನಲ್ಲೇ? ಸುಮಾರು 2,900 ಕಿಲೋಮೀಟರ್ ಆಚೆ! ನೇರ ಉತ್ತರಕ್ಕೆ ಹೊರಟರೆ ಶ್ರೀನಗರ ಸಾಲದು, ಕಡಲ ಮೇಲೆ ಹೊರಟರೆ ದುಬೈ ಸಾಲದು. ಇದು ನೆರೆಮನೆ, ಸ್ವಾಮಿ. ನಮ್ಮ ರೈತರು ಮಳೆಗೆ ಹೆಸರಿಟ್ಟ ಸ್ವಾತಿ ನಕ್ಷತ್ರ ಸುಮಾರು 37 ಜ್ಯೋತಿರ್ವರ್ಷ ದೂರದಲ್ಲಿದೆ. ಅದಕ್ಕೆ ಈ ಅಳತೆಯಲ್ಲಿ 25,000 ಕಿಲೋಮೀಟರ್ ಬೇಕು. ಭೂಮಿಯ ಮೇಲೆ ಮಂಡ್ಯದಿಂದ ಅತಿ ದೂರದ ಜಾಗವೇ 20,000 ಕಿಲೋಮೀಟರ್! ಸ್ವಾತಿಯನ್ನು ಇಡಲು ಭೂಮಿಯಲ್ಲಿ ಜಾಗವೇ ಇಲ್ಲ.

"ಇಷ್ಟು ದೂರಕ್ಕೆ ಟೇಪು ಹಿಡಿದವರಾರು?" ಎಂದು ಇನ್ನೊಬ್ಬರು ಕುಹಕವಾಡಿದ್ದಾರೆ. 1838ರಲ್ಲಿ ಜರ್ಮನಿಯ ಖಗೋಳಜ್ಞ ಬೆಸೆಲ್ ಹಿಡಿದರು. ಹೆಬ್ಬೆರಳನ್ನು ಮುಂದೆ ಚಾಚಿ ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಜರುಗಿದಂತೆ ಕಾಣುತ್ತದಲ್ಲ, ಹಾಗೆಯೇ ಭೂಮಿ ಆರು ತಿಂಗಳಲ್ಲಿ ಸೂರ್ಯನ ಆಚೆ ಬದಿಗೆ ಹೋದಾಗ 61 ಸಿಗ್ನಿ ಎಂಬ ನಕ್ಷತ್ರ ಎಷ್ಟು ಜರುಗಿತೆಂದು ಅವರು ಅಳೆದು, ಅದರಿಂದ ದೂರವನ್ನು ಲೆಕ್ಕ ಹಾಕಿದರು. ನಮ್ಮ ಅಂಗಳದ ಲೆಕ್ಕದಲ್ಲಿ, ಇಪ್ಪತ್ತೊಂದು ಮೀಟರ್ ಅತ್ತಿತ್ತ ಓಡಾಡಿ ಸಾವಿರಾರು ಕಿಲೋಮೀಟರ್ ದೂರದ ಚೆಂಡೊಂದರ ಜರುಗನ್ನು ಹಿಡಿದಂತೆ. ಕುಹಕವಾಡಿದವರು ಮೊದಲು ಬೀದಿಯ ತುದಿಯ ಹೆಸರುಕಾಳನ್ನು ನೋಡಿ ತೋರಿಸಲಿ.

ವೇಗದ ವಾಹನವಿದ್ದರೆ ಸಾಕು ಎನ್ನುವಿರಾ? ನಮ್ಮ ಬೆಂಗಳೂರು-ಮೈಸೂರು ದಶಪಥದ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ತಲುಪಲೇ 170 ವರ್ಷ, ಪ್ರಾಕ್ಸಿಮಾಗೆ ನಾಲ್ಕೂವರೆ ಕೋಟಿ ವರ್ಷ. ಟೋಲ್ ಎಷ್ಟಾಗುತ್ತದೆಂದು ಕೇಳಬೇಡಿ. 1977ರಲ್ಲಿ ಹೊರಟ ವಾಯೇಜರ್ 1 ಬಾಹ್ಯಾಕಾಶ ನೌಕೆ ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿದೆ. ಅದು ಆ ದಿಕ್ಕಿಗೆ ಹೋಗುತ್ತಿಲ್ಲ, ಹೋದರೂ ಸುಮಾರು 75,000 ವರ್ಷ ಬೇಕು. ಅದರ ಬಗ್ಗೆ ನನ್ನದೇ ಒಂದು ಸಂಚಿಕೆ ಇದೆ, ದಯವಿಟ್ಟು ನೋಡಿ, ನೋಡಿದವರ ಸಂಖ್ಯೆ ಹೆಸರುಕಾಳಿಗಿಂತ ಚಿಕ್ಕದಾಗಿದೆ.

ಮತ್ತೆ 'ಕೇವಲ' ಎನ್ನಬೇಡಿ. ಎನ್ನಲೇಬೇಕೆಂದರೆ ಮಂಡ್ಯಕ್ಕೆ ಬನ್ನಿ. ಮುದ್ದೆ, ಬಸ್ಸಾರು ನನ್ನದು, ಗೋಲಿಯನ್ನು ಇಟ್ಟು ಬರುವ ಕೆಲಸ ನಿಮ್ಮದು. ಚಂದಾದಾರರಾಗುವುದನ್ನು ಹೊರಡುವ ಮೊದಲೇ ಮುಗಿಸಿಬಿಡಿ.