ಗೋಡೆಯ ಎರಡು ಬದಿಯ ಮಕ್ಕಳು

ಕೇಳುಗರಿಗೆ ನಮಸ್ಕಾರ.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಫಾಲ್ಸ್ ರಸ್ತೆಯ ಕಡೆ ಕ್ಯಾಥೊಲಿಕರು, ಶಾಂಕಿಲ್ ರಸ್ತೆಯ ಕಡೆ ಪ್ರಾಟೆಸ್ಟೆಂಟರು. ನಡುವೆ 1969ರಲ್ಲಿ ಎದ್ದ ಗೋಡೆ. ಮಕ್ಕಳ ಶಾಲೆಯೂ ಬೇರೆ, ಆಟವೂ ಬೇರೆ. ಹೆಸರು ಕೇಳಿ, ಸಮವಸ್ತ್ರ ನೋಡಿ, ಯಾವ ಕಡೆಯವರೆಂದು ಹೇಳಿಬಿಡುತ್ತಾರೆ. ಸುಮಾರು ಮೂವತ್ತು ವರ್ಷಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು.

ಆ ಹಿಂಸೆಯ ನಡುವೆಯೇ, 1975ರಲ್ಲಿ, ಮಕ್ಕಳನ್ನು ಬೇಸಿಗೆಯಲ್ಲಿ ಅಮೆರಿಕಕ್ಕೆ ಕಳಿಸುವ ಎರಡು ಪ್ರಯತ್ನಗಳು ಶುರುವಾದವು. ನ್ಯೂಯಾರ್ಕಿನ ಪೊಲೀಸ್ ಅಧಿಕಾರಿ ಡೆನಿಸ್ ಮಲ್ಕಾಹಿ ಮೊದಲ ವರ್ಷ ಕರೆಸಿಕೊಂಡದ್ದು ಆರೇ ಮಕ್ಕಳನ್ನು: ಮೂವರು ಕ್ಯಾಥೊಲಿಕರು, ಮೂವರು ಪ್ರಾಟೆಸ್ಟೆಂಟರು. ಇನ್ನೊಂದು ಅಲ್‌ಸ್ಟರ್ ಪ್ರಾಜೆಕ್ಟ್, ಪಾದ್ರಿ ಕೆರಿ ವಾಟರ್‌ಸ್ಟೋನ್ ಅವರ ಕನಸು. ಹದಿನಾಲ್ಕರಿಂದ ಹದಿನಾರರ ಹರೆಯದವರು, ಎರಡೂ ಕಡೆಯಿಂದ ಸಮಸಮ. ಜೊತೆಗೆ ಇಬ್ಬರು ಹಿರಿಯರು, ಕಡೆಗೊಬ್ಬರಂತೆ.

ಅಲ್‌ಸ್ಟರ್ ಪ್ರಾಜೆಕ್ಟಿನ ಮಕ್ಕಳು ಹೋಗುವುದು ಜುಲೈ ತಿಂಗಳಲ್ಲೇ. ಪ್ರಾಟೆಸ್ಟೆಂಟ್ ದೊರೆ ಕ್ಯಾಥೊಲಿಕ್ ದೊರೆಯನ್ನು ಸೋಲಿಸಿದ 1690ರ ಬಾಯ್ನ್ ಕದನದ ನೆನಪಿಗೆ ಜುಲೈ 12ರಂದು ಪ್ರಾಟೆಸ್ಟೆಂಟರ ಮೆರವಣಿಗೆಗಳು ಹೊರಡುತ್ತವೆ, ಹಿಂದಿನ ರಾತ್ರಿ ಬೀದಿಗಳಲ್ಲಿ ಬೆಂಕಿ ಉರಿಯುತ್ತದೆ. ಕಲ್ಲು ತೂರಾಟಕ್ಕೆ ಹುಡುಗರು ಸಿಕ್ಕಿಬೀಳುವ ಹೊತ್ತು ಅದು.

ಪ್ರತಿ ಮಗುವನ್ನೂ ಅದೇ ವಯಸ್ಸಿನ, ಅದೇ ಪಂಥದ ಹುಡುಗ ಅಥವಾ ಹುಡುಗಿ ಇರುವ ಮನೆಯಲ್ಲೇ ಇಳಿಸುತ್ತಾರೆ. ಹಾಗಾದರೆ ಬೆರೆಯುವುದೆಲ್ಲಿ ಎಂದು ನೀವು ಕೇಳಬಹುದು. ಮನೆಯಲ್ಲಿ ತನ್ನ ನಂಬಿಕೆಗೆ ಕುತ್ತಿಲ್ಲ ಎಂಬ ಧೈರ್ಯ ಮಗುವಿಗೂ ಬೇಕು, ಊರಲ್ಲಿರುವ ತಾಯಿತಂದೆಗೂ ಬೇಕು. ಬೆರೆಯುವುದು ಹಗಲಿನ ಕೆಲಸದಲ್ಲಿ: ಬಡವರ ಮನೆಗೆ ಬಣ್ಣ ಬಳಿಯುವಾಗ, ದಿನಸಿ ಚೀಲ ತುಂಬುವಾಗ. ಒಂದೇ ಬಣ್ಣದ ಡಬ್ಬಿಗೆ ಎರಡು ಕಡೆಯವರನ್ನು ಜೋಡಿ ಮಾಡಬೇಕು. ಅವರಷ್ಟಕ್ಕೇ ಬಿಟ್ಟರೆ ಮೊದಲ ದಿನವೇ ತಮ್ಮತಮ್ಮವರ ಜೊತೆ ಸೇರಿಕೊಳ್ಳುತ್ತಾರೆ.

ಗಲಭೆಯ ಮಾತನ್ನು ಮೊದಲ ವಾರವೇ ಎತ್ತಿದರೆ ಮಕ್ಕಳು ಮನೆಯ ಹಿರಿಯರ ಮಾತನ್ನೇ ಒಪ್ಪಿಸುತ್ತಾರೆ, ಇಲ್ಲವೇ ಬಾಯಿ ಮುಚ್ಚಿ ಕೂರುತ್ತಾರೆ. ಎತ್ತದೇ ಹೋದರೆ ಇಡೀ ತಿಂಗಳು ಈಜು, ಪಿಕ್ನಿಕ್ಕುಗಳಲ್ಲೇ ಕಳೆದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ದೊಡ್ಡ ತಪ್ಪು. ಜಗಳವಾಗಲಿಲ್ಲ ಎಂಬ ಸಮಾಧಾನದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಯಾಥೊಲಿಕರ ಮೆಚ್ಚಿನ ಸೆಲ್ಟಿಕ್ ತಂಡದ ಹಸಿರು, ಪ್ರಾಟೆಸ್ಟೆಂಟರ ಮೆಚ್ಚಿನ ರೇಂಜರ್ಸ್ ತಂಡದ ನೀಲಿ ಫುಟ್‌ಬಾಲ್ ಅಂಗಿಗಳನ್ನು ಮನೆಯಲ್ಲೇ ಬಿಟ್ಟು ಬರಲು ಹೇಳುವುದು ಒಳ್ಳೆಯದು. ಒಂದೇ ಊರನ್ನು ಒಬ್ಬರು ಡೆರಿ, ಇನ್ನೊಬ್ಬರು ಲಂಡನ್‌ಡೆರಿ ಅನ್ನುತ್ತಾರೆ. ಯಾರೂ ಯಾರನ್ನೂ ತಿದ್ದಬಾರದೆಂದು ಮೊದಲೇ ಒಪ್ಪಿಕೊಳ್ಳಬೇಕು.

ನಿಜವಾದ ಕಷ್ಟ ಇರುವುದು ವಾಪಸು ಬಂದ ಮೇಲೆ. ಸಾಗರದಾಚೆ ಬೆಳೆದ ಗೆಳೆತನ ಊರಿನ ಗೋಡೆ ದಾಟುವುದಿಲ್ಲ ಎಂಬ ಟೀಕೆ ಹಳೆಯದು, ಅದರಲ್ಲಿ ಹುರುಳಿದೆ. ಗೆಳೆಯನ ಬೀದಿಗೆ ಹೋಗಲು ಭಯ, ಕತ್ತಲಾದ ಮೇಲೆ ಕಳಿಸಲು ಹೆತ್ತವರಿಗೆ ಆತಂಕ. ಶಾಲೆಯಲ್ಲಿ ಭೇಟಿಯಾಗೋಣವೆಂದರೆ, ಎರಡೂ ಕಡೆಯವರು ಒಟ್ಟಿಗೆ ಓದುವ ಮೊದಲ ಶಾಲೆ ಲ್ಯಾಗನ್ ಕಾಲೇಜು 1981ರಲ್ಲಿ 28 ಮಕ್ಕಳಿಂದ ಶುರುವಾಗಿ ಇಷ್ಟು ವರ್ಷವಾದರೂ, ಅಂಥ ಶಾಲೆಗಳಿಗೆ ಹೋಗುವವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ.

ಆದ್ದರಿಂದ ಮಕ್ಕಳನ್ನು ಒಂದೇ ಪಟ್ಟಣದಿಂದ ಆರಿಸಬೇಕು. ವಿಮಾನ ಹತ್ತುವ ಮೊದಲೇ ಎರಡೂ ಕಡೆಯ ಹೆತ್ತವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಚಹಾ ಕೊಡಬೇಕು. ಹಿಂದಿರುಗಿದ ಮೇಲಿನ ಮೊದಲ ಭೇಟಿಯ ದಿನಾಂಕವನ್ನೂ ಅಲ್ಲಿಯೇ ಬರೆದುಕೊಳ್ಳಬೇಕು. ಜಾಗ ಯಾರ ಕಡೆಯದೂ ಆಗಿರದ ಪೇಟೆಯ ನಡುವಿರಲಿ, ಇಲ್ಲವೇ 1965ರಿಂದ ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುವ ಕೆಲಸ ಮಾಡುತ್ತಿರುವ ಬ್ಯಾಲಿಕ್ಯಾಸಲ್‌ನ ಕಾರಿಮೀಲಾ ಕೇಂದ್ರದಂಥದ್ದಿರಲಿ. ಖರ್ಚಿನ ಲೆಕ್ಕ ಹಾಕುವಾಗ ವಿಮಾನದ ಟಿಕೆಟ್ಟಿನ ಕೆಳಗೆ, ಚಳಿಗಾಲದ ಆ ಭೇಟಿಯ ಸಂಜೆಗಳಲ್ಲಿ ಮಕ್ಕಳನ್ನು ಮನೆಬಾಗಿಲಿಗೆ ತಲುಪಿಸುವ ವ್ಯಾನಿನ ಬಾಡಿಗೆಯನ್ನೂ ಸೇರಿಸಬೇಕು.

ನಮಸ್ಕಾರ.