ಹೆಜ್ಜೇನು ಕೂತಿದೆ, ಔಷಧಿ ಹೊಡೆಸಬೇಡಿ

ನಮಸ್ಕಾರ. ಐದನೇ ಮಹಡಿ ಸಜ್ಜಾ ಕೆಳಗೆ ಜೇನು ಕೂತರೆ ಸಾಕು, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಪೆಸ್ಟ್ ಕಂಟ್ರೋಲ್‌ನವರ ನಂಬರ್ ಬಂದುಬಿಡುತ್ತೆ. ಫೋನ್ ಮಾಡೋ ಮೊದಲು ಯಾವ ಜೇನು ಅಂತ ನೋಡಿ.

ಮೀಟರ್ ಬಾಕ್ಸ್, ಗೋಡೆಯ ಪೊಟರೆಯಂಥ ಕತ್ತಲಲ್ಲಿ ಹಲವು ಎರಿ (ಜೇನು ಕಟ್ಟೋ ಮೇಣದ ಹಲ್ಲೆ) ಪಕ್ಕಪಕ್ಕ ಇದ್ದರೆ ತುಡುವೆ ಜೇನು. ಜೇನು ಸಾಕುವವರನ್ನು ಕರೆಸಿ; ಎರಿ ಕತ್ತರಿಸಿ ಚೌಕಟ್ಟಿಗೆ ಕಟ್ಟಿ, ರಾಣಿ ಸಮೇತ ಪೆಟ್ಟಿಗೆಯಲ್ಲಿ ಒಯ್ಯುತ್ತಾರೆ. ದಾಸವಾಳದ ಕೊಂಬೆಗೆ ಅಂಗೈ ಅಗಲದ ಒಂದೇ ಎರಿ ಇದ್ದರೆ ಕೋಲುಜೇನು, ಅದರ ಪಾಡಿಗೆ ಬಿಡಿ. ಎತ್ತರದಲ್ಲಿ, ಬಯಲಿಗೇ, ಮೊರದಗಲ ಜೋತುಬಿದ್ದದ್ದು ಹೆಜ್ಜೇನು. ಅದು ಪೆಟ್ಟಿಗೆಯಲ್ಲಿ ನಿಲ್ಲೋ ಜಾತಿಯೇ ಅಲ್ಲ. ಹಾಗಾಗಿ 'ಹೆಜ್ಜೇನು ಸ್ಥಳಾಂತರ ಮಾಡಿಕೊಡ್ತೀವಿ' ಅನ್ನೋರನ್ನ, ಹೇಗೆ ಮಾಡ್ತೀರಿ ಅಂತ ಕೇಳಿ. ಎಬ್ಬಿಸಿ ಓಡಿಸ್ತಾರೆ, ಇಲ್ಲವೇ ಕೊಲ್ಲುತ್ತಾರೆ.

ಎರಿಯೇ ಇಲ್ಲದೆ ಬರೀ ಹುಳದ ಗೊಂಚಲು ಇದ್ದರೆ ಅದು ದಾರಿಯಲ್ಲಿ ದಣಿವಾರಿಸಿಕೊಳ್ಳೋ ಹಿಂಡು, ಕೆಲವೇ ದಿನಕ್ಕೆ ಎದ್ದು ಹೋಗಬಹುದು. ಎರಿ ಕಟ್ಟಿದ್ದೂ ಕಾಯಂ ಅಲ್ಲ. ಹೆಜ್ಜೇನು ವಲಸೆ ಜೇನು; ಸುತ್ತಲಿನ ಹೂವು ಮುಗಿದರೆ ತಾನೇ ಹೊರಡುತ್ತೆ. ಆಟದ ಜಾಗಕ್ಕೋ ಶಾಲೆ ಬಾಗಿಲಿಗೋ ತೀರಾ ಹತ್ತಿರ ಇಲ್ಲದಿದ್ದರೆ, ಕಾಯೋದೇ ಸರಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹಗಲಲ್ಲಿ ಔಷಧಿ ಹೊಡೆದರೆ ಏನಾಗುತ್ತೆ? ಮೇವಿಗೆ ಹೋದ ಹುಳಗಳು ಮರಳಿ ಬಂದು ಸುತ್ತುತ್ತವೆ. ಸಾಯದೆ ಉಳಿದವು ಕೆರಳಿ ಕೆಳಗಿರೋರ ಮೇಲೆ ಬೀಳುತ್ತವೆ. ಒಂದು ಚುಚ್ಚಿದರೆ ಮಾಗಿದ ಬಾಳೆಹಣ್ಣಿನಂಥ ವಾಸನೆ ಹೊಮ್ಮುತ್ತೆ, ಅದೇ ಉಳಿದವಕ್ಕೆ ಕರೆ. ವಿಷ ಬಿದ್ದ ಜೇನುತುಪ್ಪ ಬೇರೆ ಜೇನುಗಳನ್ನೂ ಕೊಲ್ಲುತ್ತೆ. ಬೆಂಕಿ ಹಚ್ಚೋದಂತೂ ಬೇಡವೇ ಬೇಡ.

ಜೇನು ಇರೋವರೆಗೆ ಆ ಬದಿಯ ಬಾಲ್ಕನಿ ದೀಪ ಆರಿಸಿ, ಪರದೆ ಎಳೆಯಿರಿ. ರಾತ್ರಿ ಕದಡಿದ ಹೆಜ್ಜೇನು ಬೆಳಕಿಗೇ ನುಗ್ಗುತ್ತೆ. ಪಟಾಕಿ, ಡ್ರೋನ್, ಕಸ ಸುಡುವ ಹೊಗೆ ಬೇಡ. ಹಗ್ಗ ಕಟ್ಟಿ ಪೇಂಟ್ ಮಾಡೋರಿಗೆ, ಗಾಜು ಒರೆಸೋರಿಗೆ ಬಾಯಿಬಿಟ್ಟು ಹೇಳಿ, ದಯವಿಟ್ಟು. ತಪ್ಪಿಸಿಕೊಳ್ಳೋಕೆ ಅವರಿಗೆ ಜಾಗವೇ ಇರಲ್ಲ.

ಮೇಲೆ ಬಿದ್ದರೆ ಕೈ ಬೀಸಬೇಡಿ. ಬಟ್ಟೆಯಿಂದ ಮುಖ ಮುಚ್ಚಿ, ಓಡಿ, ಕೋಣೆಗೋ ಕಾರಿಗೋ ಹೊಕ್ಕು ಬಾಗಿಲು ಹಾಕಿ. ನೀರಿಗೆ ಹಾರಬೇಡಿ, ತಲೆ ಎತ್ತೋದನ್ನೇ ಕಾಯುತ್ತವೆ. ಒಳಗೆ ಸೇರಿದ ಮೇಲೆ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯಿರಿ, ಬೇಗ. ಮುಳ್ಳಿನ ಜೊತೆ ಕಿತ್ತು ಉಳಿದ ವಿಷದ ಚೀಲ ವಿಷ ಸುರಿಸುತ್ತಲೇ ಇರುತ್ತೆ. ತುಟಿ, ನಾಲಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ತಕ್ಷಣ 108. ಹತ್ತಾರು ಕಡೆ ಚುಚ್ಚಿದ್ದರೆ ಆರಾಮಾಗಿದ್ದೀನಿ ಅಂದರೂ ಆಸ್ಪತ್ರೆಗೆ ಹೋಗಿ. ವಿಷದಿಂದ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಏಟು ಬೀಳೋದು ತಡವಾಗಿ ಗೊತ್ತಾಗುತ್ತೆ. ಮೂತ್ರದ ಬಣ್ಣ ಗಾಢವಾಗೋದು ಅದರ ಗುರುತು.

ತೆಗೆಯಲೇಬೇಕಾದ ಪ್ರಸಂಗದಲ್ಲಿ ಅನುಭವಿಗಳು ಕತ್ತಲ ರಾತ್ರಿ ಬರಲಿ, ಬೆಳದಿಂಗಳಲ್ಲಿ ಹೆಜ್ಜೇನು ಹಾರುತ್ತೆ. ಕೆಂಪು ದೀಪ ಬಳಸಲಿ, ಜೇನಿಗೆ ಕೆಂಪು ಕಾಣಲ್ಲ. ಕಿಟಕಿಗಳೆಲ್ಲ ಮುಚ್ಚಿರಲಿ.

ಜೇನು ಬಿಟ್ಟು ಹೋದ ಮೇಲೆ ಉಳಿದ ಮೇಣವನ್ನು ಪೂರ್ತಿ ಕೆರೆದು, ತೊಳೆದು, ಬಣ್ಣ ಬಳಿಯಿರಿ. ಹೆಜ್ಜೇನು ಹಳೆ ಜಾಗಕ್ಕೇ ಮತ್ತೆ ಮತ್ತೆ ಬರುತ್ತೆ. ಬರಬಾರದು ಅಂದರೆ ಸಜ್ಜಾ ಅಡಿಗೆ ಬಲೆ ಬಿಗಿಯೋಕೆ ಆ ಖಾಲಿ ತಿಂಗಳೇ ಸಮಯ.